ಎಣ್ಣೆಗೆ ಅದ್ದಿದ ಮಾತ್ರಕ್ಕೆ ಕತ್ತಿ ಆಗಲ್ಲ

ಹಿಸ್ಟರಿ ಚಾನೆಲ್‌ನ ಕತ್ತಿ ಮಾಡೋ ಸ್ಪರ್ಧೆ 'ಫೋರ್ಜ್ಡ್ ಇನ್ ಫೈರ್' 2015ರಲ್ಲಿ ಶುರುವಾಗಿದ್ದು, ಈಗ ಅದರ ತುಣುಕುಗಳು ವಿರಾಜಪೇಟೆ ಗೋಣಿಕೊಪ್ಪದ ಹುಡುಗರ ಫೋನಲ್ಲೂ ಓಡ್ತಿವೆ. ನಾಲ್ಕು ಜನ ಕಮ್ಮಾರರು, ಮೊದಲ ರೌಂಡಿಗೆ ಸಾಮಾನ್ಯವಾಗಿ ಮೂರು ಗಂಟೆ, ಗೆದ್ದವರಿಗೆ 10,000 ಡಾಲರ್. ನೋಡೋಕೆ ಭಾರಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನೋಡಿದವರ ತಲೆಯಲ್ಲಿ ಉಳಿಯೋದು ಇಷ್ಟೇ: ಜೋರಾಗಿ ಬಡಿ, ಕೆಂಪಗೆ ಕಾಯ್ಸು, ಎಣ್ಣೆಗೆ ಅದ್ದು, ಬಿರುಕು ಬಿಡ್ಲಿಲ್ಲಾಂದ್ರೆ ಕತ್ತಿ ರೆಡಿ. ಅಲ್ಲ ಸ್ವಾಮಿ, ಆಗ ಕೈಯಲ್ಲಿರೋದು ಕೆಳಗೆ ಬಿದ್ರೆ ತುಂಡಾಗೋ ಪಟ್ಟಿ!

ಮೊದ್ಲು ಬಡಿಯೋ ವಿಷ್ಯ. ಕಾದ ಉಕ್ಕನ್ನ ಬಡಿದಷ್ಟೂ ಗಟ್ಟಿ ಆಗುತ್ತೆ ಅನ್ನೋದು ತಪ್ಪು, ಆ ಬಿಸಿಯಲ್ಲಿ ಲೋಹದ ಒಳಗಿನ ಹರಳುಗಳು ಮತ್ತೆ ಮತ್ತೆ ಹೊಸದಾಗಿ ಹುಟ್ಕೊಳ್ತಾ ಇರ್ತವೆ, ಸುತ್ತಿಗೆ ಏಟು ಮುಖ್ಯವಾಗಿ ಆಕಾರಕ್ಕೆ. ಗಟ್ಟಿತನ ಬರೋದು ಇಂಗಾಲದಿಂದ. ತಣ್ಣಗಿರೋ ಕಬ್ಬಿಣದ ಹರಳಲ್ಲಿ ಇಂಗಾಲಕ್ಕೆ ಹೆಚ್ಚುಕಮ್ಮಿ ಜಾಗಾನೇ ಇಲ್ಲ. 727 ಡಿಗ್ರಿ ದಾಟಿದ್ರೆ ಕಬ್ಬಿಣದ ಪರಮಾಣುಗಳು ಬೇರೆ ಥರ ಜೋಡಣೆ ಆಗಿ ಇಂಗಾಲವನ್ನ ಒಳಗೆ ಬಿಟ್ಕೊಳ್ತವೆ. 770ಕ್ಕೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟೋದನ್ನ ನಿಲ್ಲಿಸುತ್ತೆ, ಟೀವಿಯಲ್ಲಿ ಕೆಲವರು ಮ್ಯಾಗ್ನೆಟ್ ಹಿಡಿದು ನೋಡೋದು ಅದಕ್ಕೇ. 1084 ಅನ್ನೋ ಹೆಸರಿನ ಉಕ್ಕಾದ್ರೆ 815ರ ಆಸುಪಾಸಿಗೆ ಏರಿಸಿ ಎಣ್ಣೆಗೆ ಅದ್ದಬೇಕು, ಅದೂ ಮೊದಲ ಒಂದು ಸೆಕೆಂಡ್ ಆಸುಪಾಸಲ್ಲೇ ಬಿಸಿ ಸುಮಾರು 550ಕ್ಕಿಂತ ಕೆಳಗಿಳೀಬೇಕು, ಇಲ್ಲಾಂದ್ರೆ ಇಂಗಾಲ ಹೊರಗೆ ಜಾರ್ಕೊಂಡು ಬೇರೆ ಮೆತ್ತಗಿನ ರಚನೆ ಆಗ್ಬಿಡುತ್ತೆ. ಬೇಗ ತಣ್ಣಗಾದ್ರೆ ಇಂಗಾಲದ ಪರಮಾಣು ಮಡಿಕೇರಿ ದಸರಾ ರಾತ್ರಿಯ ಬಸ್ಸಲ್ಲಿ ಸಿಕ್ಕಿಹಾಕ್ಕೊಂಡವನ ಹಾಗೆ, ಇಳಿಯೋಕೂ ಆಗಲ್ಲ, ಅಕ್ಕಪಕ್ಕದವರಿಗೂ ಅಲ್ಲಾಡೋಕೆ ಬಿಡಲ್ಲ. ಈ ರಚನೆಗೆ ಮಾರ್ಟೆನ್ಸೈಟ್ ಅಂತಾರೆ. ಇದರ ಗಾತ್ರ ಸ್ವಲ್ಪ ಹಿಗ್ಗುತ್ತೆ, ತೆಳು ಅಂಚು ಮೊದ್ಲು ತಣ್ಣಗಾಗಿ ದಪ್ಪ ಬೆನ್ನು ತಡವಾಗಿ ತಣ್ಣಗಾದ್ರೆ ಪಟ್ಟಿ ಸೊಟ್ಟ ಆಗುತ್ತೆ, ಇಲ್ಲಾ 'ಟಿಣ್' ಅಂತ ಬಿರೀತದೆ. ಅದ್ದುವಾಗ ತುದಿಯನ್ನ ಉತ್ತರಕ್ಕೆ ತಿರುಗಿಸಿದ್ರೆ ಸೊಟ್ಟ ಆಗಲ್ಲ ಅಂತ ನಂಬೋ ಕಮ್ಮಾರರು ಅಮೆರಿಕದಲ್ಲೂ ಇದ್ದಾರೆ. ಭೂಮಿಯ ಕಾಂತಕ್ಷೇತ್ರಕ್ಕೆ ಉಕ್ಕನ್ನ ಹಾಗೆ ತಿರುಚೋ ತಾಕತ್ತಿಲ್ಲ, ನೇರವಾಗಿ ಒಂದೇ ಸಮ ಅದ್ದಿದ್ರೆ ಸಾಕು.

ಇಲ್ಲಿಂದ ಮುಂದಿನ ಕೆಲಸ ಸ್ಕ್ರೀನ್ ಮೇಲೆ ಕಾಣೋದೇ ಅಪರೂಪ. ಅದೇ ಟೆಂಪರಿಂಗ್. ಪಟ್ಟಿಯನ್ನ 200 ಡಿಗ್ರಿ ಹತ್ರ ಎರಡು ಗಂಟೆ, ಆರಿಸಿ ಮತ್ತೊಮ್ಮೆ ಎರಡು ಗಂಟೆ ಇಟ್ರೆ ಸಿಕ್ಕಿಬಿದ್ದ ಇಂಗಾಲ ಸ್ವಲ್ಪ ಸರಿದು ಕಬ್ಬಿಣದ ಜೊತೆ ಸೇರಿ ಸಣ್ಣ ಕಾರ್ಬೈಡ್ ಕಣಗಳಾಗುತ್ತೆ, ಒತ್ತಡ ಇಳಿಯುತ್ತೆ, ಗಟ್ಟಿತನ ಒಂಚೂರು ಬಿಟ್ಟುಕೊಟ್ಟು ಬಾಳಿಕೆ ಬರುತ್ತೆ. ಬೆಂಕಿ ಇಲ್ಲ ಹೊಗೆ ಇಲ್ಲ, ಕ್ಯಾಮೆರಾಗೆ ಏನೂ ಸಿಗಲ್ಲ.

ಕೊಡಗಲ್ಲಿ ತಲೆತಲಾಂತರದಿಂದ ಕತ್ತಿ ಕೆಲಸ ಮಾಡಿದವರು ಐರಿ ಸಮುದಾಯದವರು. ಕುಲುಮೆಯಲ್ಲಿ ಥರ್ಮಾಮೀಟರ್ ಇಲ್ಲ, ಹದ ನೋಡೋದು ಕಣ್ಣಲ್ಲೇ. ಅದ್ದಿದ ಮೇಲೆ ಅಂಚನ್ನ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನು ಕಡೆಯಿಂದ ಮೆಲ್ಲಗೆ ಕಾಯ್ಸಿದ್ರೆ ಲೋಹದ ಮೇಲೆ ಬಣ್ಣ ಹರಿಯುತ್ತೆ, ಮೊದಲು ಒಣಹುಲ್ಲಿನ ಹಳದಿ, 260ರ ಹತ್ರ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಅದು ಆಕ್ಸೈಡ್ ಪದರ, ದಪ್ಪ ಆದ ಹಾಗೆ ಬೆಳಕಿನ ಬಣ್ಣ ಬದಲಾಗುತ್ತೆ ಅಷ್ಟೇ. ಬೇಕಾದ ಬಣ್ಣ ಅಂಚಿಗೆ ಬಂದ ಕ್ಷಣಕ್ಕೆ ನೀರಿಗೆ. ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ದಿನ ತೋಕ್ ಪೂ ಅನ್ನೋ ಹೂ ಇಟ್ಟು ಪೂಜೆ ಮಾಡೋ ಒಡಿಕತ್ತಿ, ಪೀಚೆಕತ್ತಿ ನೋಡಿದಾಗ ನಂಗೆ ಬೆಳ್ಳಿ ಕೆಲಸಕ್ಕಿಂತ ಜಾಸ್ತಿ ನೆನಪಾಗೋದು ಈ ಬಣ್ಣ.

ಇನ್ನು ಷೋನಲ್ಲಿ ಎಲ್ಲರೂ ಬಾಯಿಬಿಟ್ಟು ನೋಡೋ ಅಲೆಅಲೆ ಗೆರೆಯ ಡಮಾಸ್ಕಸ್ ಉಕ್ಕು. ಅದು ಎರಡು ಥರದ ಉಕ್ಕನ್ನ ಬೆಸೆದು ಆಸಿಡ್‌ಗೆ ಹಾಕಿದ್ದು, ನಿಕಲ್ ಇರೋ ಪದರ ಹೊಳೀತಾ ಉಳಿಯುತ್ತೆ. ಹಳೇ ಡಮಾಸ್ಕಸ್ ಕತ್ತಿಗಳ ಉಕ್ಕು ಬೇರೇನೇ, ನಮ್ಮ ದಕ್ಷಿಣ ಭಾರತದ ವೂಟ್ಜ್, ಮಣ್ಣಿನ ಮೂಸೆಯಲ್ಲಿ ಕರಗಿಸಿದ್ದು, ಅದರ ಗೆರೆ ಒಳಗಿನ ಕಾರ್ಬೈಡ್‌ನಿಂದ ತಾನಾಗೇ ಬಂದಿದ್ದು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಂಥ ಮೂಸೆ ಕೆಲಸ ಕಂಡು ಬರೆದಿಟ್ಟಿದ್ದಾನೆ, 1819ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಈ ಉಕ್ಕಿನ ಗುಟ್ಟು ಹುಡುಕ್ತಾ ಕೂತಿದ್ದ. ಇದನ್ನ ಒಂದು ನಿಮಿಷ ಹೇಳಿದ್ರೆ ಟೀವಿಯವರ ಗಂಟೇನು ಹೋಗ್ತಿತ್ತು?

ತೋಟಕ್ಕೆ ಕತ್ತಿ ಮಾಡಿಸೋರು ಒಂದು ಮಾತು ಕೇಳಿ ನೋಡಿ: ಅಣ್ಣ, ಹದ ಯಾವ ಬಣ್ಣಕ್ಕೆ ಇಳಿಸ್ತೀರಿ? ಮರ ಕಪಾತಿಗೆ, ಅಂದ್ರೆ ಕೊಂಬೆ ಸವರೋಕೆ, ಏಟು ತಿನ್ನೋ ಕತ್ತಿಗೆ ಕಂದು ದಾಟಿ ನೇರಳೆವರೆಗೂ ಹೋಗ್ಬಹುದು, ಅಡುಗೆಮನೆ ಚಾಕುಗೆ ಹಳದಿಯಲ್ಲೇ ನಿಲ್ಲಿಸಬೇಕು.