ಸುಮ್ಮನಿದ್ದರೆ ಒಪ್ಪಿದ ಹಾಗಲ್ಲ

ವರ್ಷಗಟ್ಟಲೆ ಮಹಿಳಾ ಸಂಘದ ಸಭೆ ನಡೆಸಿದವರು ನಾನು ಕೊಡುವ ಮುಂದಿನ ಹಂತದ ತರಬೇತಿಗೆ ಶಿರಸಿಗೆ ಬರುತ್ತಾರೆ. ಬಂದವರೇ ಕೇಳುವುದು, "ಮೇಡಂ, ಸಭೇಲಿ ಆಡ್ಸೋಕೆ ಹೊಸ ಆಟ ಏನಾದ್ರೂ ಉಂಟಾ?" ಆಟ ಬೇಕಷ್ಟಿವೆ. ಇವರು ಕಲಿಯಬೇಕಾದ್ದು ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದನ್ನು. ಹೊಸಬರು ಹೆದರಿಕೆಗಾದರೂ ಕಾಯುತ್ತಾರೆ. ಅನುಭವಸ್ಥರಿಗೆ ಉತ್ತರ ಮೊದಲೇ ಗೊತ್ತಿರುತ್ತದಲ್ಲ! "ಎಲ್ರೂ ಒಪ್ಪಿದ್ರಿ ಅಲ್ವಾ?" ಎನ್ನುವಷ್ಟರಲ್ಲಿ ಠರಾವು ಬರೆದಾಗಿರುತ್ತದೆ.

ಕುಮಟಾ ತಾಲೂಕಿನ ಅಘನಾಶಿನಿ ದಂಡೆಯ ಒಂದು ಮಹಿಳಾ ಸಂಘ. ಪ್ರತಿ ಮಂಗಳವಾರ ಮಧ್ಯಾಹ್ನ 3ಕ್ಕೆ ಸಭೆ ಎಂದರು ನಡೆಸುವವರು. ಯಾರೂ ಮಾತಾಡಲಿಲ್ಲ. 'ಸರ್ವಾನುಮತ' ಎಂದು ಪುಸ್ತಕದಲ್ಲಿ ಬಿತ್ತು. ಮುಂದಿನ ವಾರ ಬಂದದ್ದು ಅಧ್ಯಕ್ಷೆ ಒಬ್ಬರೇ. "ಇವರಿಗೆ ಆಸಕ್ತಿಯೇ ಇಲ್ಲ" ಅಂತ ನನ್ನ ಹತ್ತಿರ ದೂರು. ಆ ಹೆಂಗಸರು ಚಿಪ್ಪಿಕಲ್ಲು, ಅಂದರೆ ಹೊಳೆಯಲ್ಲಿ ಸಿಗುವ ತಿನ್ನುವ ಚಿಪ್ಪುಮೀನು, ಆರಿಸುವವರು. ಸಮುದ್ರದ ನೀರು ಹಿಂದೆ ಸರಿದು ಇಳಿತ ಇದ್ದಾಗಲೇ ಹೊಳೆಗೆ ಇಳಿಯಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ವಾರಕ್ಕೆ ಹತ್ತಿರ ಹತ್ತಿರ 6 ತಾಸು. ಈ ಮಂಗಳವಾರ 3ಕ್ಕೆ ಉಬ್ಬರ ಇದ್ದರೆ ಮುಂದಿನ ಮಂಗಳವಾರ ಅದೇ ಹೊತ್ತಿಗೆ ಇಳಿತ. ಅಲ್ಲಿ ಕೂತ ಪ್ರತಿಯೊಬ್ಬಳಿಗೂ ಇದು ಗೊತ್ತಿತ್ತು. ಹೇಳಲು ಮನಸ್ಸು ಮಾಡುವಷ್ಟರಲ್ಲಿ ಸಭೆ ಸಾಲದ ಕಂತಿಗೆ ಹೋಗಿಯಾಗಿತ್ತು.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ನೋಡಿ ಬರೆದದ್ದುಂಟು. ಟೀಚರು ಪ್ರಶ್ನೆ ಕೇಳಿ ಕಾಯುವುದು ಒಂದು ಸೆಕೆಂಡಿನಷ್ಟೇ. 3 ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಜಾಸ್ತಿ ಮಕ್ಕಳು ಮಾತಾಡುತ್ತಾರೆ. ಅದು ಶಾಲೆಯ ಲೆಕ್ಕ, ಸಂಘಕ್ಕೆ ಹಾಗೇ ಹೊಂದುತ್ತದೆ ಎನ್ನಲಾರೆ. ನಮ್ಮಲ್ಲಿ 10 ಸೆಕೆಂಡಾದರೂ ಬೇಕು ಅನ್ನಿಸುತ್ತದೆ. ತರಬೇತಿಯಲ್ಲಿ ಸಭೆ ನಡೆಸುವವರನ್ನು ಅಷ್ಟು ಕಾಯಿಸಿ ನೋಡಿ. ಮಾರ್ಕರಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ತಡೆಯಲಾರದೆ ತಾವೇ ಉತ್ತರ ಹೇಳಿಬಿಡುತ್ತಾರೆ. ಪಾಪ, ಒಳ್ಳೆಯ ಜನ.

"ಒಪ್ಪಿಗೆಯಾ?" ಅಂತ ಕೇಳುವುದನ್ನೂ ಬಿಡಿ. "ಈ ಹೊತ್ತು ಯಾರಿಗೆ ಕಷ್ಟ?" ಎಂದು ಕೇಳಿ. ಆಮೇಲೆ ಸುಮ್ನೆ ಇರಿ. ಹಾಗಂತ ಎಲ್ಲ ಮೌನಕ್ಕೂ ಇದೇ ಮದ್ದಲ್ಲ. ಸಾಲ ಕೊಟ್ಟವರು ಎದುರಿಗೇ ಕೂತಿದ್ದರೆ ಎಷ್ಟು ಕಾದರೂ ಯಾರೂ ಬಾಯಿ ಬಿಡುವುದಿಲ್ಲ, ಒತ್ತಾಯ ಮಾಡಲೂಬಾರದು. ಪಕ್ಕದ ಕೋಣೆಯಲ್ಲಿ ಎರಡು ಡಬ್ಬಿ ಇಡಿ, 'ಹೌದು' ಎನ್ನಲು ಒಂದು, 'ಬೇಡ' ಎನ್ನಲು ಒಂದು. ಒಬ್ಬೊಬ್ಬರೇ ಹೋಗಿ ತಮಗೆ ಬೇಕಾದ ಡಬ್ಬಿಗೆ ಹುಣಸೆ ಬೀಜ ಹಾಕಿ ಬರಲಿ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಕೊನೆಯ ಬಸ್ಸು ಹಿಡಿಯುವವರಿದ್ದರೆ ಅವತ್ತಿನ ಸಭೆಗೆ ಎರಡೇ ವಿಷಯ ಇಟ್ಟುಕೊಳ್ಳಿ.