ಕ್ಯಾಮೆರಾಕ್ಕೊಂದು ರಾಗಿ ಚೀಲ

ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋದಾಗಲೆಲ್ಲ ನನಗೆ ಸಿಟ್ಟು ಬರಿಸುವುದು ಒಂದೇ ಸದ್ದು. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ನೀರಿನಂಚಿನಲ್ಲಿ ಮೇಯುತ್ತಿರುತ್ತವೆ. ದಡದ ಕಾರಿನ ಕಿಟಕಿಯಿಂದ ಮೊಳದುದ್ದದ ಲೆನ್ಸ್ ಇಣುಕುತ್ತಿರುತ್ತದೆ. ಆದರೆ ಎಂಜಿನ್ ಗುರುಗುಟ್ಟುತ್ತಲೇ ಇರುತ್ತದೆ. ಹಿಂದಿನ ಸೀಟಿನವರಿಗೆ ಎ.ಸಿ. ಬೇಕಲ್ಲ! ಆಮೇಲೆ ಚಿತ್ರ ಮಸುಕಾಯಿತೆಂದು ಲೆನ್ಸನ್ನು ಬೈಯುತ್ತಾರೆ.

ಕಾರಿನೊಳಗೆ ಕೂರುವುದೇನೋ ಸರಿಯೇ. ಎರಡು ಕಾಲಿನ ಆಕೃತಿ ಕಂಡರೆ ಹಾರಿಹೋಗುವ ಹಕ್ಕಿ, ನಿಂತ ಕಾರನ್ನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. (ಕೊಕ್ಕರೆ ಬೆಳ್ಳೂರಿನ ಮಾತು ಬೇರೆ. ಅಲ್ಲಿನ ಹೆಜ್ಜಾರ್ಲೆಗಳಿಗೆ ಮನುಷ್ಯರು ನೆರೆಹೊರೆಯವರು. ಮರದ ನೆತ್ತಿಯ ಗೂಡು ಕಿಟಕಿಯಿಂದ ಕಾಣುವುದೂ ಇಲ್ಲ. ಇಳಿದುಬಿಡಿ.)

ಈಗ ಲೆಕ್ಕಕ್ಕೆ ಬರೋಣ. 500 ಮಿ.ಮೀ. ಲೆನ್ಸ್ ಒಂದು ಡಿಗ್ರಿಯ ನೂರನೇ ಒಂದು ಪಾಲು ತಿರುಗಿದರೆ ಸಂವೇದಕದ (ಬಿಂಬ ಹಿಡಿಯುವ ಸೆನ್ಸರ್) ಮೇಲೆ ಬಿಂಬ ಸುಮಾರು 0.087 ಮಿ.ಮೀ. ಸರಿಯುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ (36 ಮಿ.ಮೀ. ಅಗಲದ ಸಂವೇದಕದ) ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ಲಿನ ಅಗಲ 0.006 ಮಿ.ಮೀ. ಅಂದರೆ ಹಕ್ಕಿಯ ಕಣ್ಣಿನ ಅಂಚು ಹದಿನಾಲ್ಕು ಪಿಕ್ಸೆಲ್‌ಗಳ ಮೇಲೆ ಬಳಿದುಹೋಯಿತು! ಇನ್ನು ಎಂಜಿನ್: ನಿಮಿಷಕ್ಕೆ 800 ಸುತ್ತು ಹಾಕುತ್ತಿರುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸೆಕೆಂಡಿಗೆ ಸುಮಾರು 27 ಸ್ಫೋಟ. ಪ್ರತಿಯೊಂದೂ ಬಾಗಿಲಿಗೆ ಒಂದೊಂದು ಏಟು. ಕಿಟಕಿಗೆ ಲೋಹದ ಹಿಡಿಕೆ ಬಿಗಿದು ಅದರ ಮೇಲೆ ಕ್ಯಾಮೆರಾ ಕೂರಿಸುವವರು ಆ ಏಟುಗಳನ್ನು ಕೈಯಾರೆ ಲೆನ್ಸಿಗೆ ಸಾಗಿಸುತ್ತಾರೆ.

‘ನನ್ನ ಲೆನ್ಸಿನಲ್ಲಿ ಅಲುಗಾಟ ಸರಿದೂಗಿಸುವ ಸ್ಟೆಬಿಲೈಸರ್ ಇದೆ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. 1995ರಲ್ಲಿ ಕ್ಯಾನನ್ ತನ್ನ 75–300 ಮಿ.ಮೀ. ಲೆನ್ಸಿನಲ್ಲಿ ಈ ಸೌಲಭ್ಯ ತಂದಾಗ ಅದರ ಗುರಿ ಕೈನಡುಕ. ಕೈ ನಿಧಾನವಾಗಿ ನಡುಗುತ್ತದೆ, ಎಂಜಿನ್ ಬೇಗ ಬೇಗ. ಅದಿರಲಿ, ಕತ್ತು ಹೊರಳಿಸುವ ಹೆಬ್ಬಾತನ್ನು ಯಾವ ಸ್ಟೆಬಿಲೈಸರ್ ತಡೆದೀತು? ಅದಕ್ಕೆ ಶಟರ್ ವೇಗವೇ ಬೇಕು, ಅಂದರೆ ಬೆಳಕು ಒಳಬರುವ ಹೊತ್ತು ತೀರ ಚುಟುಕಾಗಿರಬೇಕು. ಅಮೆರಿಕದ ಜಾರ್ಜ್ ಶೈರಸ್ ರಾತ್ರಿ ತೇಲುವ ದೋಣಿಯಿಂದ ಜಿಂಕೆಗಳ ಚಿತ್ರ ತೆಗೆದ. 1906ರಲ್ಲಿ ‘ನ್ಯಾಷನಲ್ ಜಿಯೋಗ್ರಾಫಿಕ್’ ಅವನ್ನು ಪ್ರಕಟಿಸಿತು. ದೋಣಿ ಅಲುಗಿದರೂ ಚುಟುಕು ಬೆಳಕು ಅವನ ಕೈಹಿಡಿಯಿತು. ಫ್ಲಾಶ್ ಪುಡಿ ಭಗ್ಗೆಂದು ಉರಿದು ಆರುವಷ್ಟರಲ್ಲಿ ಚಿತ್ರ ಮುಗಿದಿರುತ್ತಿತ್ತು.

ನಮಗೆ ಫ್ಲಾಶ್ ಬೇಡ, ರಾಗಿ ಸಾಕು. ಗಟ್ಟಿ ಬಟ್ಟೆಯ ಚೀಲಕ್ಕೆ ಮುಕ್ಕಾಲು ಭಾಗ ರಾಗಿ ತುಂಬಿ ಹೊಲಿಯಿರಿ, ಕಿಟಕಿಯ ಗಾಜು ಪೂರ್ತಿ ಇಳಿಸಿ, ಬಾಗಿಲಿನ ಅಂಚಿಗೆ ಚೀಲ ಹೇರಿ, ಲೆನ್ಸನ್ನು ಅದರೊಳಗೆ ಒತ್ತಿ ಕೂರಿಸಿ. ಕೊಡದ ಕೆಳಗಿನ ಸಿಂಬೆ ತಲೆಗೂ ಒಗ್ಗುತ್ತದೆ, ಕೊಡಕ್ಕೂ ಒಗ್ಗುತ್ತದೆ, ಇದೂ ಹಾಗೆಯೇ. ಜಂಬೂಸವಾರಿಯ ಆನೆಗೆ 750 ಕೆ.ಜಿ.ಯ ಅಂಬಾರಿ ಕಟ್ಟುವ ಮುನ್ನ ನಮ್ದಾ, ಗಾದಿ ಹಾಸುತ್ತಾರಲ್ಲ, ಅದೇ ನ್ಯಾಯ. ಆದರೆ ಒಗ್ಗುವುದು ಅರ್ಧ ಕತೆ ಮಾತ್ರ. ಸ್ಪಂಜೂ ಒಗ್ಗುತ್ತದೆ, ಆದರೆ ಒತ್ತಿದ್ದನ್ನು ವಾಪಸು ಒದೆಯುತ್ತದೆ. ರಬ್ಬರ್ ಚೆಂಡು ನೆಲಕ್ಕೆ ಬಿದ್ದರೆ ಪುಟಿಯುತ್ತದೆ. ರಾಗಿ ಮೂಟೆ ಧೊಪ್ಪೆಂದು ಬಿದ್ದಲ್ಲೇ ಕೂರುತ್ತದೆ. ಬಿದ್ದ ರಭಸವೆಲ್ಲ ಎಲ್ಲಿಗೆ ಹೋಯಿತು? ಕಾಳು ಕಾಳನ್ನು ಉಜ್ಜಿ ಅದನ್ನು ಕಾಣದಷ್ಟು ಶಾಖವಾಗಿಸಿತು. ಒಂದು ಕೆ.ಜಿ. ರಾಗಿಯಲ್ಲಿ ಸುಮಾರು ಮೂರು–ನಾಲ್ಕು ಲಕ್ಷ ಕಾಳುಗಳಿರುತ್ತವೆ, ಒಂದೊಂದೂ ಹಲವು ಕಾಳುಗಳಿಗೆ ತಾಗಿಕೊಂಡೇ ಇರುತ್ತದೆ. ಸಂತೆಯ ಗುಂಪಿನಲ್ಲಿ ಯಾರನ್ನೋ ತಳ್ಳಿದರೆ ಆ ನೂಕು ನಾಲ್ಕು ಜನ ದಾಟುವಷ್ಟರಲ್ಲಿ ಸತ್ತುಹೋಗುವುದಿಲ್ಲವೇ? ಚೀಲ ಬಿರಿಯುವಂತೆ ತುಂಬಿದಿರೋ, ಉಜ್ಜಾಡಲು ಜಾಗವಿಲ್ಲದೆ ಅದು ಕಲ್ಲಾಗುತ್ತದೆ.

ಅಂದಹಾಗೆ, ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆಸೆದು ‘ಇಂಡಾಫ್’ ತಳಿಗಳನ್ನು ರೂಪಿಸಿದ ಲಕ್ಷ್ಮಣಯ್ಯನವರು ದುಡಿದದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ. ಅವರ ಕಾಳು ಹಕ್ಕಿಯ ಚಿತ್ರಕ್ಕೂ ಆಧಾರವಾಗಲಿ ಎಂಬುದು ನನ್ನ ಪುಟ್ಟ ಹಟ. ಅಕ್ಕಿಯೂ ಆದೀತು. ಥರ್ಮೊಕೋಲ್ ಗುಂಡುಗಳು ಮಾತ್ರ ತೀರ ಹಗುರ, ಭಾರದ ಲೆನ್ಸಿನಡಿ ಜಾರಾಡುತ್ತವೆ.

ರಾಗಿಯ ಕೈಗೆ ಸಿಗದ ಅಲುಗಾಟವೂ ಒಂದಿದೆ. ಹಿಂದೆ ಕೂತವರು ಚಕ್ಕುಲಿ ಡಬ್ಬಿಗೆ ಬಗ್ಗಿದರೆ ಇಡೀ ಕಾರು ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಒಂದೆರಡು ಸಲ ತೊನೆಯುತ್ತದೆ, ಚೀಲವೂ ಬಾಗಿಲಿನ ಜೊತೆಗೇ ತೊನೆಯುತ್ತದೆ. ಎಂಜಿನ್ ಆರಿಸಿ, ಅವರನ್ನು ಸುಮ್ಮನೆ ಕೂರಿಸಿ, ಎಡಗೈಯನ್ನು ಲೆನ್ಸಿನ ಮೇಲೆ ಭಾರವಾಗಿ ಇಟ್ಟು 1/1000 ಸೆಕೆಂಡಿನಲ್ಲಿ ತೆಗೆಯಿರಿ.

ಮಳೆಗಾಲದಲ್ಲಿ ಚೀಲವನ್ನು ಡಿಕ್ಕಿಯಲ್ಲಿ ಮರೆಯಬೇಡಿ. ನನ್ನದು ಒದ್ದೆಯಾಗಿ ಮೂರು ದಿನದಲ್ಲಿ ಮೊಳಕೆಯೊಡೆದಿತ್ತು. ಅಮ್ಮ ಅದನ್ನು ಒಣಗಿಸಿ ಹಿಟ್ಟು ಮಾಡಿಸಲು ಹೊರಟಿದ್ದರು.