ಇಂಗ್ಲಿಷ್ ಅರ್ಥ ಆಗುತ್ತೆ, ಮಾತಾಡೋಕೆ ಮಾತ್ರ ಬಾಯಿ ಬರಲ್ಲ, ಯಾಕೆ?

ಪ್ರಶ್ನೆ: ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಇಂಜಿನಿಯರಿಂಗ್ ಎರಡನೇ ವರ್ಷ. ಪಾಠ ಅರ್ಥ ಆಗುತ್ತೆ, ಇಂಗ್ಲಿಷ್ ಸಿನಿಮಾನೂ ಹೆಚ್ಚುಕಮ್ಮಿ ತಿಳಿಯುತ್ತೆ. ಆದರೆ ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಉತ್ತರ ಗೊತ್ತಿದ್ದರೂ ಬಾಯಿ ಕಟ್ಟುತ್ತೆ. ಗ್ರಾಮರ್ ಮೊದಲಿಂದ ಓದಬೇಕಾ?

ಉತ್ತರ: ಬೇಡ. ಗ್ರಾಮರ್ ಪುಸ್ತಕ ಮತ್ತೆ ತೆರೆದರೆ ಇನ್ನಷ್ಟು ನಿಯಮ ಗೊತ್ತಾಗುತ್ತವೆ, ಅಷ್ಟೇ. ಅರ್ಥ ಮಾಡಿಕೊಳ್ಳುವುದು, ಮಾತಾಡುವುದು ಎರಡೂ ಬೇರೆ ಬೇರೆ ಅಭ್ಯಾಸಗಳು. ನಿಮಗೆ ಮೊದಲನೆಯದು ಸಿಕ್ಕಿದೆ, ಎರಡನೆಯದಕ್ಕೆ ಅವಕಾಶವೇ ಸಿಕ್ಕಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ಇರುವುದು ಕೆನಡಾದಲ್ಲಿ. ಅಲ್ಲಿ 1960ರ ದಶಕದಿಂದ, ಮನೆಯಲ್ಲಿ ಇಂಗ್ಲಿಷ್ ಆಡುವ ಮಕ್ಕಳಿಗೆ ಗಣಿತ, ವಿಜ್ಞಾನದಂಥ ಪಾಠಗಳನ್ನೂ ಫ್ರೆಂಚಿನಲ್ಲೇ ಹೇಳಿಕೊಡುವ ಶಾಲೆಗಳಿವೆ. ವರ್ಷಗಟ್ಟಲೆ ಹೀಗೆ ಓದಿದ ಮಕ್ಕಳು ಕೇಳಿ, ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಫ್ರೆಂಚ್ ಮನೆಮಾತಿನ ಮಕ್ಕಳಿಗೆ ಹತ್ತಿರ ಹತ್ತಿರ ಬಂದಿದ್ದರು. ಮಾತು, ಬರಹದಲ್ಲಿ ಮಾತ್ರ ತಪ್ಪುಗಳು ಹಾಗೇ ಉಳಿದಿದ್ದವು. ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಇದಕ್ಕೆ ಕಾರಣ ಕೊಟ್ಟರು: ಕ್ಲಾಸಿನಲ್ಲಿ ಆ ಮಕ್ಕಳು ಕೇಳುತ್ತಿದ್ದದ್ದೇ ಜಾಸ್ತಿ, ಬಾಯಿಬಿಟ್ಟು ಉದ್ದಕ್ಕೆ ಮಾತಾಡುವ ಸಂದರ್ಭ ಕಡಿಮೆ. ಕೇಳುವಾಗ ನಾಲ್ಕು ಪದ ತಪ್ಪಿಹೋದರೂ ಸಂದರ್ಭ ನೋಡಿ ಊಹಿಸಬಹುದು. ಮಾತಾಡುವಾಗ ಆ ಊಹೆ ನಡೆಯುವುದಿಲ್ಲ, ಒಂದೊಂದನ್ನೂ ನಾವೇ ಜೋಡಿಸಬೇಕು. ನಮ್ಮ ಕ್ಲಾಸುಗಳಲ್ಲಂತೂ ದಿನವಿಡೀ 'ಯೆಸ್ ಸರ್', 'ನೋ ಸರ್' ಬಿಟ್ಟರೆ ಹುಡುಗರು ಇಂಗ್ಲಿಷಿನಲ್ಲಿ ಹೇಳುವುದು ಏನಿರುತ್ತದೆ ಹೇಳಿ?

ಕನ್ನಡದವರಿಗೆ ಇನ್ನೊಂದು ಪೇಚೂ ಇದೆ. 'ನಾನು ನಿನ್ನೆ ಲ್ಯಾಬಿಗೆ...' ಅಂತ ಶುರು ಮಾಡಿ, ಹೋದೆನೋ ಹೋಗಲಿಲ್ಲವೋ ಅನ್ನುವುದನ್ನು ನಾವು ಕೊನೆಗೆ ಹೇಳಿದರೂ ಆಗುತ್ತದೆ. ಕ್ರಿಯಾಪದ, ಕಾಲ, ಇಲ್ಲ ಅನ್ನುವುದು ಎಲ್ಲ ವಾಕ್ಯದ ತುದಿಯಲ್ಲಿ ಬರುತ್ತವೆ. ಇಂಗ್ಲಿಷಿನಲ್ಲಿ 'ಐ' ಅಂದ ತಕ್ಷಣ 'ಡಿಡ್ ನಾಟ್ ಗೋ' ಬಂದುಬಿಡಬೇಕು, ಲ್ಯಾಬು, ನಿನ್ನೆ ಎಲ್ಲ ಆಮೇಲೆ. ಹಾಗಾಗಿ ಕನ್ನಡದಲ್ಲಿ ಯೋಚಿಸಿ ಅಲ್ಲೇ ಇಂಗ್ಲಿಷಿಗೆ ತಿರುಗಿಸಲು ಹೊರಟವರು ಎರಡನೇ ಪದದಲ್ಲೇ ತಡವರಿಸುತ್ತಾರೆ. ಇದು ದಡ್ಡತನ ಅಲ್ಲ, ಎರಡು ಭಾಷೆಗಳ ಕಟ್ಟಡವೇ ಬೇರೆ.

ಮೇಲಿಂದ ಭಯ. ಅಮೆರಿಕದಲ್ಲಿ ಎಲೇನ್ ಹಾರ್ವಿಟ್ಸ್ ಮತ್ತು ಜೊತೆಗಾರರು 1986ರಲ್ಲಿ ಭಾಷೆಯ ಕ್ಲಾಸಿನ ಅಳುಕನ್ನು ಅಳೆಯಲು 33 ಹೇಳಿಕೆಗಳ ಪಟ್ಟಿ ಮಾಡಿದರು. ಗಾಬರಿಯಲ್ಲಿ ಗೊತ್ತಿರುವುದೂ ಮರೆತುಹೋಗುತ್ತದೆ ಅನ್ನುವ ಹೇಳಿಕೆ ಅದರಲ್ಲೇ ಇದೆ. ಅಂದರೆ ನಿಮ್ಮ ವೈವಾ ಕಥೆ ನಿಮ್ಮೊಬ್ಬರದ್ದಲ್ಲ.

ಹಾಗಾದರೆ ಏನು ಮಾಡುವುದು? ನನಗೆ ತುಂಬ ಹಿಡಿಸಿದ ಅಭ್ಯಾಸ ಒಂದಿದೆ, ದುಡ್ಡು ಬೇಕಿಲ್ಲ. ಪದ ಕಲಿಕೆಯ ಸಂಶೋಧನೆಗೆ ಹೆಸರಾದ ಪಾಲ್ ನೇಷನ್ ಅವರು ಇದನ್ನು 4/3/2 ಅಂತ ಬರೆದಿದ್ದಾರೆ. ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ ಒಬ್ಬರಿಗೆ ಹೇಳಬೇಕು. ಅದನ್ನೇ ಇನ್ನೊಬ್ಬರಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ. ವಿಷಯ ಬದಲಿಸುವ ಹಾಗಿಲ್ಲ, ಬರೆದುಕೊಂಡು ಓದುವ ಹಾಗೂ ಇಲ್ಲ. ಮೊದಲ ಸಲ ಏನು ಹೇಳಬೇಕು ಅಂತ ಹುಡುಕುವುದರಲ್ಲೇ ಸಮಯ ಹೋಗುತ್ತದೆ, ಮೂರನೇ ಸಲ ವಿಷಯ ಸಿದ್ಧ ಇರುವುದರಿಂದ ಮನಸ್ಸು ಪೂರ್ತಿ ಮಾತಿನ ಕಡೆ ಇರುತ್ತದೆ. ನೆಲ್ ಡಿ ಯಾಂಗ್, ಚಾರ್ಲ್ಸ್ ಪರ್ಫೆಟಿ 2011ರಲ್ಲಿ ಇದನ್ನು ಪರೀಕ್ಷಿಸಿದಾಗ, ಒಂದೇ ವಿಷಯವನ್ನು ಮತ್ತೆ ಮತ್ತೆ ಹೇಳಿದವರ ಸರಾಗತೆ ಹೊಸ ವಿಷಯಕ್ಕೂ ದಾಟಿತ್ತು, ಪ್ರತಿ ಸಲ ಬೇರೆ ವಿಷಯ ಹೇಳಿದವರಲ್ಲಿ ಹಾಗಾಗಲಿಲ್ಲ. ಹಾಸ್ಟೆಲ್ಲಿನಲ್ಲಿ ರೂಂಮೇಟು, ಪಕ್ಕದ ರೂಮಿನವನು, ಕೊನೆಗೆ ಮೊಬೈಲಿನ ರೆಕಾರ್ಡರ್, ಮೂವರು ಕೇಳುಗರು ಆದರಲ್ವಾ! ವಿಷಯ ನಾಳಿನ ಲ್ಯಾಬ್ ಎಕ್ಸ್‌ಪೆರಿಮೆಂಟೇ ಆಗಿರಲಿ.

ಬೆಂಗಳೂರಿಗೂ ಇದರಲ್ಲಿ ಪಾಲಿದೆ, ಸುಮ್ನೆ ಹೆಮ್ಮೆಗೆ ಹೇಳುತ್ತಿಲ್ಲ. ಇಂಗ್ಲಿಷ್ ಕಲಿಕೆಯ ತಜ್ಞ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಮಾಡಿದ ಪ್ರಯೋಗ ಜಗತ್ತಿನಾದ್ಯಂತ 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಹೆಸರಾಗಿದೆ. ಗ್ರಾಮರ್ ಪಾಠದ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಲೆಕ್ಕ ಬಿಡಿಸಲು ಹೇಳುತ್ತಿದ್ದರು. ಮನಸ್ಸು ಕೆಲಸದ ಮೇಲಿದ್ದರೆ ವ್ಯಾಕರಣ ಹಿಂದಿನಿಂದ ತಾನೇ ಕೂಡಿಕೊಳ್ಳುತ್ತದೆ ಅನ್ನುವುದು ಅವರ ವಾದ. ಮಕ್ಕಳನ್ನು ಮಾತಾಡಿಸಲೇಬೇಕು ಅಂತ ಪ್ರಭು ಹಟ ಹಿಡಿದವರಲ್ಲ, ಆದ್ದರಿಂದ ಅವರಿಂದ ನಾನು ತೆಗೆದುಕೊಳ್ಳುವುದು ಇಷ್ಟೇ: 'ಸ್ಪೋಕನ್ ಇಂಗ್ಲಿಷ್ ಪ್ರಾಕ್ಟೀಸ್' ಅಂತ ಕೂರಬೇಡಿ, ಸರ್ಕ್ಯೂಟ್ ಯಾಕೆ ಕೆಲಸ ಮಾಡುತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಜಗಳ ಆಡಿ.

ಮಧ್ಯದಲ್ಲಿ ಪದ ಸಿಗದಿದ್ದರೆ ಕನ್ನಡ ಹಾಕಿ, ಮುಂದೆ ಹೋಗಿ. ಕನ್ನಡ ಆಡಿದರೆ ಫೈನ್ ಹಾಕುವ ಪದ್ಧತಿ ನನ್ನ ಪ್ರಕಾರ ಬಾಯಿ ಮುಚ್ಚಿಸುವ ಅತ್ಯಂತ ಸುಲಭ ದಾರಿ. ಉಚ್ಚಾರದ ಚಿಂತೆಯನ್ನೂ ಬಿಡಿ. ಧಾಟಿ ಎದ್ದು ಕಾಣುವ ಮಾತೂ ಕೇಳುವವರಿಗೆ ಪೂರ್ತಿ ಅರ್ಥವಾಗಬಹುದು ಅಂತ ಸಂಶೋಧಕರಾದ ಮನ್ರೋ ಮತ್ತು ಡೆರ್ವಿಂಗ್ 1995ರಲ್ಲೇ ತೋರಿಸಿದ್ದಾರೆ.

ಇನ್ನು ವೈವಾ. ಪ್ರಶ್ನೆ ಕೇಳಿದ ತಕ್ಷಣ ಉತ್ತರ ಬರಲೇಬೇಕಿಲ್ಲ. 'ಸರ್, ಕೆನ್ ಯೂ ರಿಪೀಟ್ ದ ಕ್ವೆಶ್ಚನ್', 'ಲೆಟ್ ಮಿ ಡ್ರಾ ಅಂಡ್ ಎಕ್ಸ್‌ಪ್ಲೇನ್', ಇಂಥ ಎರಡು ಮೂರು ವಾಕ್ಯ ಬಾಯಿಪಾಠ ಮಾಡಿ, ಉಸಿರಾಡಲು ಸಮಯ ಸಿಗುತ್ತದೆ. ಚಿತ್ರ ಬರೆಯುತ್ತಾ ಹೇಳಿದರೆ ಅರ್ಧ ಉತ್ತರ ಪೆನ್ನೇ ಕೊಡುತ್ತದೆ. ಅದೂ ಆಗದಿದ್ದರೆ, ಕನ್ನಡದಲ್ಲಿ ಹೇಳಬಹುದಾ ಅಂತ ಎಕ್ಸ್‌ಟರ್ನಲ್ ಅವರನ್ನು (ಹೊರಗಿನಿಂದ ಬಂದ ಪರೀಕ್ಷಕರನ್ನು) ಕೇಳಿ ನೋಡಿ, ಹೆಚ್ಚೆಂದರೆ ಬೇಡ ಅನ್ನುತ್ತಾರೆ.